ಹಳೇ ಬೈಕು, ಹೊಸ ಮಾಲೀಕ: ಈ ಕ್ಲ್ಯಾಂಪ್ ಯಾತಕ್ಕೆ ಸ್ವಾಮಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಜಾತಿಯವು. ಹಳೇ ಬೈಕು ತಗೊಂಡಿದ್ದಾರೆ, ಮನೆಗೆ ತಂದು ತೊಳೆದಿದ್ದಾರೆ, ತೊಳೆದ ಮೇಲೆ ಅನುಮಾನ ಶುರುವಾಗಿದೆ. ಇದೇನು, ಅದೇನು, ಈ ವೈರು ಎಲ್ಲಿಗೆ ಹೋಗುತ್ತೆ? ಜೊತೆಗೆ ಹೊಸದಾಗಿ ಏನೇನು ಹಾಕಿಸಬೇಕು ಎಂಬ ಪಟ್ಟಿಯೂ ರೆಡಿ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಉದ್ದದ ಪ್ರಶ್ನೆಗಳಿಗೆ ಸ್ವಲ್ಪ ಕತ್ತರಿ ಹಾಕಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: 1980ರ ದಶಕದ ನಾಲ್ಕು ಸಿಲಿಂಡರಿನ ಜಪಾನಿ ಬೈಕು ತಗೊಂಡೆ. ಸೀಟಿನ ಹತ್ತಿರ ಬೆರಳುದ್ದದ ಡಬ್ಬಿಯಲ್ಲಿ ಕೆಂಪು ಎಣ್ಣೆ ಇದೆ. ಅದರಿಂದ ಎರಡು ಸಣ್ಣ ಪೈಪು ಹೊರಟಿವೆ. ಬ್ಯಾಟರಿ ಹತ್ತಿರ ರಬ್ಬರ್ ಟೋಪಿ ಹಾಕಿದ ಚಪ್ಪಟೆ ಪ್ಲಗ್ ಒಂದು ನೇತಾಡುತ್ತಿದೆ. ಪಕ್ಕದ ಕವರಿನಲ್ಲಿ ದುಂಡನೆಯ ಸಾಕೆಟ್ ಇದೆ, ಆದರೆ ನನ್ನ ಕಾರಿನ ಚಾರ್ಜರ್ ಅದಕ್ಕೆ ಹೋಗುವುದಿಲ್ಲ. ಹ್ಯಾಂಡಲ್ ಮೇಲೆ ಒಂದು ಸ್ವಿಚ್ ಇದೆ, ಒತ್ತಿದರೆ ಏನೂ ಆಗಲ್ಲ. ಎಲ್ಲ ಕತ್ತರಿಸಿ ಎಸೆಯಲೇ? — ಮೂರನೇ ಮಾಲೀಕ

ಮೊದಲು ಕಟರ್ ಕೆಳಗಿಡಿ. ನೀವು ಹೇಳಿದ ನಾಲ್ಕರಲ್ಲಿ ಮೂರು ಒಳ್ಳೆಯ ವಸ್ತುಗಳೇ. ಹಿಂದಿನ ಮಾಲೀಕ ದೂರದ ಸವಾರ ಅಂತ ಕಾಣುತ್ತೆ.

ಕೆಂಪು ಎಣ್ಣೆಯ ಡಬ್ಬಿ ಅಂದರೆ ಚೈನಿಗೆ ತಾನಾಗಿಯೇ ಎಣ್ಣೆ ಬಿಡುವ ಉಪಕರಣ. ಒಂದು ಪೈಪು ಹಿಂದಿನ ಸ್ಪ್ರಾಕೆಟ್ ಹತ್ತಿರ ಹೋಗಿ ಮುಗಿಯುತ್ತೆ. ಬಗ್ಗಿ ನೋಡಿ, ಅದರ ತುದಿ ಹಲ್ಲುಗಳಿಗೆ ಒರಗಿಕೊಂಡಂತೆ ಇರಬೇಕು. ಇನ್ನೊಂದು ಪೈಪು ಕಾರ್ಬ್ಯುರೇಟರ್ ಕಡೆಗೆ ಹೋಗುತ್ತೆ, ನೀವು ಕತ್ತರಿಸಿದ್ದರೆ ಎಡವಟ್ಟಾಗುತ್ತಿದ್ದದ್ದು ಇದೇ. ಎಂಜಿನ್ ಓಡುವಾಗ ಒಳಗೆಳೆಯುವ ಗಾಳಿಯ ಸೆಳೆತದಿಂದ ಡಬ್ಬಿಯ ವಾಲ್ವ್ ತೆರೆದುಕೊಳ್ಳುತ್ತೆ, ಎಣ್ಣೆ ತೊಟ್ಟು ತೊಟ್ಟಾಗಿ ಇಳಿಯುತ್ತೆ, ಎಂಜಿನ್ ನಿಂತರೆ ಎಣ್ಣೆಯೂ ನಿಲ್ಲುತ್ತೆ. ಈ ಪೈಪನ್ನು ಕತ್ತರಿಸಿ ಹಾಗೇ ಬಿಟ್ಟರೆ ಆ ತೂತಿನಿಂದ ಎಂಜಿನ್ ಸುಮ್ನೆ ಗಾಳಿ ಕುಡಿಯುತ್ತೆ. ಆಗ ಆ ಸಿಲಿಂಡರಿಗೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಐಡ್ಲಿಂಗ್ ಏರುಪೇರಾಗುತ್ತೆ, ಪೈಪು ಅಂದವಾಗಿ ಕತ್ತರಿಸಿದ್ದೀನಲ್ಲ ಅಂತ ನೀವು ಕಾರ್ಬ್ಯುರೇಟರನ್ನು ಬೈಯುತ್ತಾ ಕೂರುತ್ತೀರಿ. ನಿಜವಾಗಲೂ ಬೇಡ ಅನ್ನಿಸಿದರೆ ಡಬ್ಬಿ ಬಿಚ್ಚಿ, ಆದರೆ ಕಾರ್ಬ್ಯುರೇಟರ್ ಕಡೆ ಪೈಪು ಸಿಕ್ಕಿಸಿದ್ದ ಸಣ್ಣ ಮೂತಿಯ (ನಿಪ್ಪಲ್) ಮೇಲೆ ರಬ್ಬರ್ ಟೋಪಿ ಹಾಕಿ ಕ್ಲಿಪ್ ಬಿಗಿಯಿರಿ.

ಚಪ್ಪಟೆ ಪ್ಲಗ್ ಬ್ಯಾಟರಿ ಚಾರ್ಜ್ ಮಾಡಲು ಬಿಟ್ಟದ್ದು. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಸೀಟು ಬಿಚ್ಚದೆ ಚಾರ್ಜರ್ ಸಿಕ್ಕಿಸಬಹುದು. ಅದರಲ್ಲಿ ಒಂದು ಪಿನ್ ಬತ್ತಲೆ, ಇನ್ನೊಂದು ಪ್ಲಾಸ್ಟಿಕ್ ಒಳಗೆ ಅಡಗಿರುತ್ತೆ. ಬ್ಯಾಟರಿ ಕಡೆಯ ತುಂಡಿನಲ್ಲಿ ಅಡಗಿರುವುದೇ ಪ್ಲಸ್ ಆಗಿರಬೇಕು. ಬತ್ತಲೆ ಪಿನ್ ಚಾಸಿಗೆ ತಗುಲಿದರೂ ಕಿಡಿ ಹಾರಬಾರದು ಅಂತ ಈ ವ್ಯವಸ್ಥೆ. ವೋಲ್ಟ್, ಕರೆಂಟು ಅಳೆಯುವ ಮಲ್ಟಿಮೀಟರ್ ಹಿಡಿದು ಒಮ್ಮೆ ನೋಡಿ. ಯಾರೋ ಮನೆಯಲ್ಲೇ ಮಾಡಿದ ಜೋಡಣೆಯಲ್ಲಿ ಇದು ಉಲ್ಟಾ ಆಗಿರುವುದುಂಟು. ಆ ವೈರಿನಲ್ಲಿ ಬ್ಯಾಟರಿ ಹತ್ತಿರವೇ ಫ್ಯೂಸ್ ಇದೆಯೇ ಅಂತಲೂ ನೋಡಿ. ಇಲ್ಲದಿದ್ದರೆ ಇವತ್ತೇ ಹಾಕಿ, ನಾಳೆಗೆ ಬೇಡ.

ದುಂಡನೆಯ ಸಾಕೆಟ್ ಕೂಡ ಕರೆಂಟಿಗೇ. ಕಾರಿನ ಸಿಗರೇಟ್ ಲೈಟರ್ ಸಾಕೆಟ್ ಸುಮಾರು 21 ಮಿಲಿಮೀಟರ್ ಅಗಲ, ಇದು ಸುಮಾರು 12. ಬಿಎಂಡಬ್ಲ್ಯು ಬೈಕುಗಳಲ್ಲಿ ಬಹಳ ಕಾಲದಿಂದ ಇರುವ ನಮೂನೆ. ಬೇರೆ ಗಾಡಿಗಳಿಗೂ ಜನ ಹಾಕಿಸಿಕೊಳ್ಳುತ್ತಾರೆ, ಯಾಕೆಂದರೆ ಪ್ಲಗ್ ಗಟ್ಟಿಯಾಗಿ ಕೂರುತ್ತೆ, ಅಲುಗಾಟಕ್ಕೆ ಜಾರಿ ಬರುವುದಿಲ್ಲ. ಅದಕ್ಕೆ ಹೊಂದುವ ಯುಎಸ್‌ಬಿ ಚಾರ್ಜರ್ ಸಿಗುತ್ತೆ. ಸಾಕೆಟ್ ಕೀಳಬೇಡಿ.

ಇನ್ನು ಆ ಸತ್ತ ಸ್ವಿಚ್. ಬಹುಶಃ ಹಿಂದೆ ಫಾಗ್ ಲೈಟ್ ಇತ್ತು. ಗಾಡಿ ಮಾರುವಾಗ ಲೈಟ್ ಬಿಚ್ಚಿಕೊಂಡು ವೈರಿಂಗ್ ನಿಮಗೆ ಬಿಟ್ಟಿದ್ದಾರೆ. ಸ್ವಿಚ್ಚಿನಿಂದ ಹೊರಟ ವೈರನ್ನು ಕೈಯಲ್ಲೇ ಹಿಡಿದು ಕೊನೆತನಕ ಹೋಗಿ. ಟೇಪು ಸುತ್ತಿದ ಜಾಗ ಬಂದರೆ ಬಿಚ್ಚಿ ನೋಡಿ. ನನ್ನ ಒಂದು ಗಾಡಿಯಲ್ಲಿ ಹೀಗೆ ಹೋಗುತ್ತಾ ಹೋಗುತ್ತಾ ಟ್ಯಾಂಕಿನ ಕೆಳಗೆ ಒಂದು ತುದಿ ಸಿಕ್ಕಿತು. ತಾಮ್ರ ಬತ್ತಲೆ, ಮೇಲೆ ಅಂಟು ಬಿಟ್ಟ ಟೇಪು ಒಣಗಿದ ಎಲೆಯ ಥರ ಸುರುಳಿಯಾಗಿ ನಿಂತಿತ್ತು. ಮೀಟರ್ ಇಟ್ಟೆ, 12.6 ವೋಲ್ಟ್. ಅಂದರೆ ಕೀ ಆಫ್ ಇದ್ದರೂ ಬ್ಯಾಟರಿಯ ಪೂರ್ತಿ ಕರೆಂಟು ಪೆಟ್ರೋಲ್ ಟ್ಯಾಂಕಿನಿಂದ ಎರಡು ಬೆರಳು ದೂರದಲ್ಲಿ. ಅದರ ಮೇಲೇ ಕೂತು ನಾನು ಎರಡು ತಿಂಗಳು ಓಡಾಡಿದ್ದೆ.

ಹಾಗಾಗಿ ಒಂದು ಕೆಲಸ ಮಾಡಿ. ಬ್ಯಾಟರಿಯ ಪ್ಲಸ್ ಮೇಲೆ ಎಷ್ಟು ವೈರು ಕೂತಿವೆ ಎಣಿಸಿ. ಕಂಪನಿಯದು ದಪ್ಪನೆಯದು ಒಂದು, ಅದರ ಜೊತೆ ಇನ್ನೊಂದು ಇರಬಹುದು. ಮಿಕ್ಕವೆಲ್ಲ ಯಾರೋ ಆಮೇಲೆ ಸೇರಿಸಿದ್ದು. ಒಂದೊಂದಕ್ಕೂ ಟೇಪಿನ ಚೀಟಿ ಅಂಟಿಸಿ ಎಲ್ಲಿಗೆ ಹೋಗುತ್ತೆ ಅಂತ ಬರೆಯಿರಿ, ಫೋಟೋ ತೆಗೆದಿಡಿ. ಆಮೇಲೆ ಕೀ ಆಫ್ ಮಾಡಿ, ಮೈನಸ್ ವೈರು ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಮೀಟರ್ ಹಾಕಿ. ಮೊದಲು 10 ಆಂಪಿಯರ್ ಗುರುತಿನಲ್ಲಿ ಶುರು ಮಾಡಿ, ಆಮೇಲೆ ಕಡಿಮೆ ಮಾಡಿ. ಮೀಟರ್ ಹಾಕಿರುವಾಗ ಮರೆತೂ ಸ್ಟಾರ್ಟ್ ಒತ್ತಬೇಡಿ. ಗಡಿಯಾರ, ಅಲಾರಂ ಏನೂ ಇಲ್ಲದ ಹಳೇ ಗಾಡಿಯಲ್ಲಿ ಹೆಚ್ಚು ಕಡಿಮೆ ಸೊನ್ನೆ ತೋರಿಸಬೇಕು. 50 ಮಿಲಿಆಂಪಿಯರ್ ತೋರಿಸಿದರೆ ದಿನಕ್ಕೆ 1.2 ಆಂಪಿಯರ್ ಅವರ್ ಸೋರುತ್ತಿದೆ ಅಂತ ಲೆಕ್ಕ. 12 ಆಂಪಿಯರ್ ಅವರ್ ಬ್ಯಾಟರಿ ಐದು ದಿನದಲ್ಲಿ ಅರ್ಧ ಖಾಲಿ. ‘ಬ್ಯಾಟರಿ ನಿಲ್ಲಲ್ಲ’ ಅಂತ ಹೊಸ ಬ್ಯಾಟರಿ ಹಾಕಿಸುವವರು ಎಷ್ಟೋ ಜನ, ತಪ್ಪು ಬ್ಯಾಟರಿಯದ್ದೇ ಆಗಿರುವುದಿಲ್ಲ. ಸೀಟಿನ ಕೆಳಗೆ ಯಾವತ್ತೋ ಹಾಕಿಸಿ ಮರೆತ ಅಲಾರಂ ಡಬ್ಬಿ ಕೂತು ಕುಡಿಯುತ್ತಿರುತ್ತೆ.

ಪ್ರಶ್ನೆ: ಹೊಸ ಕನ್ನಡಿ ತಂದೆ. ಎಡಗಡೆಯದು ಸರಿಯಾಗಿ ಕೂತಿತು. ಬಲಗಡೆಯದು ಒಂದು ಸುತ್ತೂ ಹೋಗುತ್ತಿಲ್ಲ. ಬಲವಂತ ಮಾಡಲೇ?

ಬೇಡಪ್ಪಾ. ನಿಮ್ಮದು ಯಮಹಾ ಇರಬೇಕು, ಅಲ್ವಾ? ಯಮಹಾದ ಬಹಳ ಗಾಡಿಗಳಲ್ಲಿ ಬಲಗಡೆ ಕನ್ನಡಿಗೆ ಉಲ್ಟಾ ಥ್ರೆಡ್. ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕೆ ತಿರುಗಿಸಿದರೆ ಸಡಿಲ. ಏನಾದರೂ ತಗುಲಿ ಕನ್ನಡಿ ಹಿಂದಕ್ಕೆ ತಿರುಗಿದರೆ ಮುರಿಯುವ ಬದಲು ಸಡಿಲವಾಗಲಿ ಅಂತ. ಉಲ್ಟಾ ಥ್ರೆಡ್ಡಿನ ಅಡಾಪ್ಟರ್ ಸಿಗುತ್ತೆ, ಅದನ್ನು ಮಧ್ಯೆ ಹಾಕಿದರೆ ನಿಮ್ಮ ಕನ್ನಡಿ ಕೂರುತ್ತೆ.

ಯಮಹಾ ಅಲ್ಲದಿದ್ದರೆ ದಪ್ಪ ಅಳೆಯಿರಿ. ಜಪಾನಿ ಗಾಡಿಗಳಲ್ಲಿ ಸಾಮಾನ್ಯವಾಗಿ 10 ಮಿಲಿಮೀಟರ್, ಕೆಲವಕ್ಕೆ 8. ಎರಡಕ್ಕೂ ಥ್ರೆಡ್ಡಿನ ಅಂತರ 1.25 ಮಿಲಿಮೀಟರ್. ಬಿಎಂಡಬ್ಲ್ಯುನಲ್ಲಿ 10 ಮಿಲಿಮೀಟರೇ ಆದರೂ ಅಂತರ 1.5. ಇಲ್ಲೇ ಮೋಸ ಹೋಗುವುದು. ದಪ್ಪ ಸರಿಯಿದೆ, ಎರಡು ಸುತ್ತು ಹೋಗುತ್ತೆ, ಆಮೇಲೆ ಬಿಗಿಯಾಗುತ್ತೆ. ‘ಬಣ್ಣ ತುಂಬಿರಬೇಕು’ ಅಂದುಕೊಂಡು ಪಾನಾ ಹಾಕಿ ತಿರುಗಿಸಿದರೆ ಬ್ರೇಕ್ ಲಿವರ್ ಹಿಡಿದಿರುವ ಅಲ್ಯುಮಿನಿಯಂ ತುಂಡಿನ ಥ್ರೆಡ್ಡೇ ಎದ್ದು ಬರುತ್ತೆ. ಇದು ಓದಿ ಕಲಿತದ್ದಲ್ಲ, ನಾನೇ ಮಾಡಿದ್ದೇನೆ. ಬೆಳ್ಳಿ ಬಣ್ಣದ ಸುರುಳಿಯೊಂದು ಬೋಲ್ಟಿನ ಜೊತೆ ನಾಜೂಕಾಗಿ ಹೊರಗೆ ಬಂತು. ನೋಡಲು ಬಹಳ ಚೆನ್ನಾಗಿತ್ತು.

ಯಾವ ಬೋಲ್ಟನ್ನಾದರೂ ಮೊದಲ ನಾಲ್ಕು ಸುತ್ತು ಬರಿಗೈಯಲ್ಲೇ ತಿರುಗಿಸಿ. ಬೆರಳಿಗೆ ಒಗ್ಗದ್ದು ಪಾನಾಕ್ಕೂ ಒಗ್ಗುವುದಿಲ್ಲ.

ಪ್ರಶ್ನೆ: ಕೈ ಬೆಚ್ಚಗಿಡುವ ಹೀಟೆಡ್ ಗ್ರಿಪ್, ಎರಡು ಫಾಗ್ ಲೈಟ್, ಯುಎಸ್‌ಬಿ ಚಾರ್ಜರ್, ಜೋರು ಹಾರನ್, ಹೆಡ್‌ಲೈಟಿಗೆ 100 ವ್ಯಾಟ್ ಬಲ್ಬು, ಇಷ್ಟು ಹಾಕಿಸಬೇಕು ಅಂತ ಆಸೆ. ಗಾಡಿ 1972ರ ಬಿಎಂಡಬ್ಲ್ಯು ಆರ್75/5. ತಡೆಯುತ್ತಾ?

ಆಸೆಗೆ ಅಡ್ಡ ಬರಲ್ಲ, ಲೆಕ್ಕ ಹಾಕೋಣ. ನಿಮ್ಮ ಗಾಡಿಯ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟು ಮಾಡುವ ಯಂತ್ರ) ಕೊಡುವುದು 180 ವ್ಯಾಟ್, ಅದೂ ಎಂಜಿನ್ ಚೆನ್ನಾಗಿ ಸುತ್ತುತ್ತಿರುವಾಗ. ಇದರ ಮುಂದಿನ /6 ಸರಣಿಯಲ್ಲಿ ಇದೇ 280ಕ್ಕೆ ಏರಿತು. ದೂರದಿಂದ ಎರಡೂ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಒಬ್ಬನಿಗೆ ಒಪ್ಪಿದ ಭಾರ ಇನ್ನೊಬ್ಬನ ಮೇಲೆ ಹೇರಕ್ಕಾಗಲ್ಲ. ಆದ್ದರಿಂದ ‘ಅವರ ಗಾಡಿಗೆ ಹಾಕಿದ್ದಾರೆ’ ಎಂಬ ಮಾತು ನಂಬಬೇಡಿ, ನಿಮ್ಮ ಗಾಡಿಯ ಕೈಪಿಡಿ ನೋಡಿ.

ಈಗ ಖರ್ಚು. ಹೆಡ್‌ಲೈಟ್ 55 ವ್ಯಾಟ್ ಅಂತ ಇಟ್ಟುಕೊಳ್ಳಿ. ಇಗ್ನಿಷನ್ ಸುಮಾರು 50. ಹಿಂದಿನ ದೀಪ, ಮೀಟರಿನ ದೀಪಗಳು ಸೇರಿ 15. ಬ್ರೇಕ್ ಹಿಡಿದಾಗ ಇನ್ನೊಂದು 21. ಅಲ್ಲಿಗೆ 140ರ ಹತ್ತಿರ ಬಂತು. ಉಳಿದದ್ದು 40. ಹೀಟೆಡ್ ಗ್ರಿಪ್ ಒಂದೇ 30ರಿಂದ 40 ವ್ಯಾಟ್ ತಿನ್ನುತ್ತೆ. ಹ್ಯಾಲೋಜನ್ ಫಾಗ್ ಲೈಟ್ ಜೋಡಿ ತಲಾ 35 ಅಂದರೂ 70. ಅಂದರೆ ಎರಡನ್ನೂ ಹಾಕಿ ಓಡಿಸಿದರೆ ದಾರಿಯುದ್ದಕ್ಕೂ ಬ್ಯಾಟರಿಯಿಂದ ಸಾಲ ತೆಗೆಯುತ್ತಿದ್ದೀರಿ, ಎಂಜಿನ್ ಆಫ್ ಮಾಡಿದ ಮೇಲೆ ಅದು ಬಡ್ಡಿ ಕೇಳುತ್ತೆ. ಟ್ರಾಫಿಕ್‌ನಲ್ಲಿ ಐಡ್ಲಿಂಗ್ ಮಾಡುತ್ತಾ ನಿಂತರಂತೂ ಆಲ್ಟರ್ನೇಟರ್ ಅರ್ಧವೂ ಕೊಡಲ್ಲ.

ನನ್ನನ್ನು ಕೇಳಿದರೆ ಗ್ರಿಪ್ ಇರಲಿ. ಫಾಗ್ ಲೈಟ್ ಎಲ್‌ಇಡಿ ಹಾಕಿ, ತಲಾ 10 ವ್ಯಾಟಿನದ್ದು ಸಾಕು. ಎರಡನ್ನೂ ಒಟ್ಟಿಗೆ ಬಹಳ ಹೊತ್ತು ಹಾಕಿಡಬೇಡಿ. ಚಾರ್ಜರ್ 10, 15 ವ್ಯಾಟ್, ಅದೇನು ದೊಡ್ಡದಲ್ಲ. ಹಾರನ್ ಕರೆಂಟು ಜಾಸ್ತಿ ಎಳೆದರೂ ಒಂದೆರಡು ಸೆಕೆಂಡಿನ ಮಾತು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿದರಾಯ್ತು. 100 ವ್ಯಾಟ್ ಬಲ್ಬು ಮಾತ್ರ ಬೇಡವೇ ಬೇಡ. 12 ವೋಲ್ಟಿಗೆ 100 ವ್ಯಾಟ್ ಅಂದರೆ ಎಂಟು ಆಂಪಿಯರಿಗೂ ಜಾಸ್ತಿ. ಅಷ್ಟೂ ಐವತ್ತು ವರ್ಷದ ಸ್ವಿಚ್ಚಿನ ಒಳಗೆ ಹಾದು ಹೋಗಬೇಕು. ಅದಕ್ಕಿಂತ ಇರುವ ಬಲ್ಬಿಗೇ ರಿಲೇ ಹಾಕಿ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆಯಿರಿ. ಹಳೇ ವೈರಿಂಗ್‌ನಲ್ಲಿ ದಾರಿಯಲ್ಲೇ ಒಂದೂವರೆ ವೋಲ್ಟ್ ಕಳೆದುಹೋಗುವುದು ಮಾಮೂಲು. ಅದು ವಾಪಸ್ ಸಿಕ್ಕರೇ ಬೆಳಕು ಬೇರೆ ಥರ ಇರುತ್ತೆ.

ರಿಲೇ ಬಗ್ಗೆ ಎಲ್ಲರೂ ಕೇಳುತ್ತಾರೆ, ಒಮ್ಮೆ ಹೇಳಿಬಿಡುತ್ತೇನೆ. ಅಡಿಯಲ್ಲಿ ಅಂಕಿ ಬರೆದಿರುತ್ತೆ. 30ಕ್ಕೆ ಬ್ಯಾಟರಿಯ ಪ್ಲಸ್, ಫ್ಯೂಸ್ ಮೂಲಕ. 87ರಿಂದ ನಿಮ್ಮ ಲೈಟಿಗೆ. 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ ಜೀವ ಬರುವ ಒಂದು ವೈರು, ಸ್ವಿಚ್ ಮೂಲಕ. 85 ಅರ್ತಿಂಗಿಗೆ, ಅಂದರೆ ಚಾಸಿಗೆ. ಹೀಗೆ ಮಾಡಿದರೆ ಕೀ ತೆಗೆದ ಕೂಡಲೇ ಎಲ್ಲ ಆಫ್, ಮರೆತು ಬಿಡುವ ಭಯವಿಲ್ಲ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ಅದು ಕಾಯುವುದು ಲೈಟನ್ನಲ್ಲ, ವೈರನ್ನು. ಇದ್ದ ವೈರಿಗೆ ಕಚ್ಚಿಸಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್ ಸಿಗುತ್ತಲ್ಲ, ಪ್ಲೈಯರಿನಲ್ಲಿ ಅಮುಕಿದರೆ ಸಾಕು ಅಂತಾರಲ್ಲ, ಅದನ್ನು ಬೈಕಿಗೆ ಹಾಕಬೇಡಿ. ಅದರ ಬ್ಲೇಡು ತಾಮ್ರದ ಎಳೆಗಳನ್ನು ಅರ್ಧ ಕತ್ತರಿಸುತ್ತೆ, ಮಳೆ ನೀರು ಒಳಗೆ ಹೋಗಿ ಹಸಿರು ಹಿಡಿಯುತ್ತೆ, ಎಂಜಿನ್ ನಡುಗಿ ನಡುಗಿ ಉಳಿದ ಎಳೆಯೂ ತುಂಡಾಗುತ್ತೆ. ಹಳೇ ಗಾಡಿಯ ವೈರಿಂಗ್‌ನಲ್ಲಿ ನಾನು ಮೊದಲು ಹುಡುಕುವುದೇ ಈ ಕ್ಲಿಪ್ಪುಗಳನ್ನು.

ಎಲ್ಲ ಹಾಕಿದ ಮೇಲೆ ಬ್ಯಾಟರಿ ಮೇಲೆ ಮೀಟರ್ ಇಟ್ಟು, ಎಲ್ಲವನ್ನೂ ಆನ್ ಮಾಡಿ, ಎಂಜಿನ್ ಏರಿಸಿ ನೋಡಿ. 14 ವೋಲ್ಟಿನ ಆಸುಪಾಸು ಇದ್ದರೆ ಗೆದ್ದಿರಿ. 13ರ ಕೆಳಗೇ ನಿಂತರೆ ಯಾವುದಾದರೂ ಒಂದನ್ನು ಬಿಡಬೇಕು.

ಪ್ರಶ್ನೆ: 1960ರ ದಶಕದ ಬ್ರಿಟಿಷ್ ಬೈಕು. ಹ್ಯಾಂಡಲ್ ಮೇಲೆ ಫೋನ್ ಚಾರ್ಜರ್ ಕೂರಿಸಿ, ಕಪ್ಪು ವೈರು ಚಾಸಿಗೆ, ಕೆಂಪು ವೈರು ಬ್ಯಾಟರಿಯ ಇನ್ನೊಂದು ತುದಿಗೆ ಕೊಟ್ಟೆ. ‘ಟಪ್’ ಅಂತು, ಹೊಗೆ ಬಂತು. ಚಾರ್ಜರ್ ಕಳಪೆಯೇ?

ಚಾರ್ಜರ್ ಪಾಪದ್ದು. ನಿಮ್ಮ ಗಾಡಿಯಲ್ಲಿ ಚಾಸಿಗೆ ಕೊಟ್ಟಿರುವುದು ಮೈನಸ್ ಅಲ್ಲ, ಪ್ಲಸ್. ಆ ಕಾಲದ ಬಹಳಷ್ಟು ಬ್ರಿಟಿಷ್ ಗಾಡಿಗಳು ಹೀಗೇ, 1970ರ ದಶಕದಲ್ಲೂ ಹೀಗೆ ಬಂದಿವೆ. ಅದರ ಮೇಲೆ ಲೂಕಾಸ್ (ಆ ಗಾಡಿಗಳ ಎಲೆಕ್ಟ್ರಿಕಲ್ ಭಾಗ ಮಾಡುತ್ತಿದ್ದ ಕಂಪನಿ) ವೈರಿಂಗ್‌ನಲ್ಲಿ ಅರ್ತಿಂಗ್ ವೈರಿನ ಬಣ್ಣ ಕೆಂಪು! ಕೆಂಪು ಅಂದರೆ ಕರೆಂಟು ಅಂತ ಕಲಿತವರಿಗೆ ಇದು ಗುಂಡಿ ತೋಡಿಟ್ಟಂತೆ. ಅಂದಹಾಗೆ ಬಣ್ಣದ ವಿಷಯದಲ್ಲಿ ಯಾವ ಕಂಪನಿಗೂ ಇನ್ನೊಂದರ ಜೊತೆ ಮಾತುಕತೆ ಇಲ್ಲ. ಅರ್ತಿಂಗಿಗೆ ಹೋಂಡಾದಲ್ಲಿ ಹಸಿರು, ಯಮಹಾದಲ್ಲಿ ಕಪ್ಪು, ಕವಾಸಾಕಿಯಲ್ಲಿ ಕಪ್ಪಿನ ಮೇಲೆ ಹಳದಿ ಗೆರೆ, ಸುಜುಕಿಯಲ್ಲಿ ಕಪ್ಪಿನ ಮೇಲೆ ಬಿಳಿ ಗೆರೆ, ಬಿಎಂಡಬ್ಲ್ಯುನಲ್ಲಿ ಕಂದು. ಬಣ್ಣ ನೋಡಿ ಊಹೆ ಮಾಡಿ, ಮೀಟರ್ ನೋಡಿ ನಂಬಿ.

ಹೊಸ ಚಾರ್ಜರ್ ತಂದರೆ ಅದರ ಕೆಂಪು ವೈರು ಬ್ಯಾಟರಿಯ ಪ್ಲಸ್‌ಗೆ, ಅಂದರೆ ಚಾಸಿಗೆ ಸೇರಿದ ತುದಿಗೆ. ಕಪ್ಪು ವೈರು ಫ್ಯೂಸ್ ಮೂಲಕ ಮೈನಸ್‌ಗೆ. ಆದರೆ ಕಥೆ ಇಲ್ಲಿಗೆ ಮುಗಿಯಲ್ಲ. ಯುಎಸ್‌ಬಿ ಕೇಬಲ್ಲಿನ ತುದಿಯ ಲೋಹದ ಕವಚ ಇದೆಯಲ್ಲ, ಅದು ಮೈನಸ್‌ಗೆ ಸೇರಿರುತ್ತೆ. ಅದು ಹ್ಯಾಂಡಲ್ಲಿಗೆ ತಗುಲಿದರೆ ನೇರ ಶಾರ್ಟ್. ಪೂರ್ತಿ ಪ್ಲಾಸ್ಟಿಕ್ ಮೈಯ ಚಾರ್ಜರ್ ತಗೊಳ್ಳಿ, ರಬ್ಬರಿನ ಮೇಲೆ ಕೂರಿಸಿ. ನಿಜ ಹೇಳಬೇಕೆಂದರೆ ಇಂಥ ಗಾಡಿಗೆ ಜೇಬಿನಲ್ಲಿಡುವ ಪವರ್ ಬ್ಯಾಂಕೇ ಮೇಲು.

ಪ್ರಶ್ನೆ: ನಾಲ್ಕೂ ಇಂಡಿಕೇಟರ್ ಎಲ್‌ಇಡಿ ಹಾಕಿದೆ. ಮೊದಲು ಮಿಣುಕಲೇ ಇಲ್ಲ. ಫ್ಲ್ಯಾಷರ್ (ಇಂಡಿಕೇಟರ್ ಮಿಣುಕಿಸುವ ಡಬ್ಬಿ) ಬದಲಿಸಿದೆ. ಈಗ ಎಡಗಡೆ ಹಾಕಿದರೆ ನಾಲ್ಕೂ ಮಿಣುಕುತ್ತವೆ! — ದೀಪಾವಳಿ ಗಾಡಿ

ಒಳ್ಳೆ ಹೆಸರು ಇಟ್ಟುಕೊಂಡಿದ್ದೀರಿ. ಹಳೇ ಫ್ಲ್ಯಾಷರ್ ಬಲ್ಬಿನ ಕರೆಂಟಿನಿಂದಲೇ ಬಿಸಿಯಾಗಿ ಮಿಣುಕುವಂಥದ್ದು. ಎರಡು 21 ವ್ಯಾಟ್ ಬಲ್ಬು ಎಳೆಯುವಷ್ಟು ಎಲ್‌ಇಡಿ ಎಳೆಯುವುದಿಲ್ಲ, ಹಾಗಾಗಿ ಅದು ಸುಮ್ಮನಿತ್ತು. ಅದನ್ನು ಬದಲಿಸಿದ್ದು ಸರಿ.

ನಾಲ್ಕೂ ಮಿಣುಕಲು ಕಾರಣ ನಿಮ್ಮ ಮೀಟರಿನಲ್ಲಿರುವ ಒಂಟಿ ಹಸಿರು ದೀಪ. ಎಡಕ್ಕೂ ಬಲಕ್ಕೂ ಒಂದೇ ದೀಪ ತಾನೇ? ಅದರ ಒಂದು ಕಾಲು ಎಡ ಇಂಡಿಕೇಟರ್ ವೈರಿನ ಮೇಲೆ, ಇನ್ನೊಂದು ಕಾಲು ಬಲದ ವೈರಿನ ಮೇಲೆ. ಎಡ ಹಾಕಿದಾಗ ಕರೆಂಟು ಈ ಪುಟ್ಟ ದೀಪದ ಮೂಲಕ ಹಾದು ಬಲಗಡೆ ಬಲ್ಬಿನೊಳಗಿಂದ ಅರ್ತಿಂಗಿಗೆ ಹೋಗುತ್ತಿತ್ತು. ಬಲಗಡೆ ಬಲ್ಬು ಉರಿಯಲು ಅಷ್ಟು ಕರೆಂಟು ಸಾಲುತ್ತಿರಲಿಲ್ಲ. ಈಗ ಅಲ್ಲಿ ಎಲ್‌ಇಡಿ ಇದೆ, ಅದಕ್ಕೆ ಅಷ್ಟೇ ಹಬ್ಬ.

ಎರಡು ಡಯೋಡ್ ತನ್ನಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ ಅದು. ಹಸಿರು ದೀಪದ ಎರಡೂ ವೈರು ಬಿಚ್ಚಿ. ಎಡದ ವೈರಿನಿಂದ ಒಂದು ಡಯೋಡ್, ಬಲದ ವೈರಿನಿಂದ ಒಂದು ಡಯೋಡ್, ಎರಡರ ಬಿಳಿ ಪಟ್ಟಿಯ ತುದಿ ಸೇರಿಸಿ ದೀಪದ ಒಂದು ಕಾಲಿಗೆ. ದೀಪದ ಇನ್ನೊಂದು ಕಾಲು ಅರ್ತಿಂಗಿಗೆ. ಮುಗೀತು. ಕೆಲವರು ಇದಕ್ಕೆ ರೆಸಿಸ್ಟರ್ ಹಾಕಿ ಅಂತಾರೆ. 6.8 ಓಮ್ ರೆಸಿಸ್ಟರ್ ಹಾಕಿದರೆ ಅದು ಹಳೇ ಬಲ್ಬಿನಷ್ಟೇ ಕರೆಂಟು ತಿಂದು ಬರೀ ಬಿಸಿಯಾಗುತ್ತೆ. ಕರೆಂಟು ಉಳಿಸಲು ಎಲ್‌ಇಡಿ ಹಾಕಿ, ಉಳಿದದ್ದನ್ನು ಸುಡಲು ರೆಸಿಸ್ಟರ್ ಹಾಕುವುದು ಯಾವ ಲೆಕ್ಕ?

ಪ್ರಶ್ನೆ: 1950ರ ದಶಕದ ಕೊನೆಯ ಬಿಎಂಡಬ್ಲ್ಯು, ಮುಂದೆ ಇಬ್ಬದಿಗೆ ಉದ್ದ ತೋಳಿನ ಫೋರ್ಕ್ ಇದೆ. ಚಾಸಿಯ ಒಂದೇ ಬದಿಯಲ್ಲಿ ದಪ್ಪ ದುಂಡು ಗುಬ್ಬಿಗಳು, ಕೊಂಡಿಗಳು ಇವೆ. ಲೆಗ್ ಗಾರ್ಡ್ ಹಾಕಲು ಉಪಯೋಗಿಸಬಹುದೇ? ಇನ್ನೊಂದು, ಗಾಡಿ ಜೋರಾಗಿ ಹೋದರೆ ಹ್ಯಾಂಡಲ್ ಚಂಚಲ ಅನ್ನಿಸುತ್ತೆ.

ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ ಇರಬಹುದು. ಈ ಗಾಡಿ ಸೈಡ್‌ಕಾರ್ (ಪಕ್ಕಕ್ಕೆ ಕಟ್ಟುವ ಒಂಟಿ ಚಕ್ರದ ಆಸನ) ಎಳೆದಿರಬಹುದು. ಆ ಗುಬ್ಬಿಗಳು ಸೈಡ್‌ಕಾರ್ ಹಿಡಿಯಲು ಇರುವಂಥವು, ಒಂದೇ ಬದಿ ಇರುವುದು ಅದಕ್ಕೇ.

ನಿಮ್ಮದು ಅರ್ಲ್ಸ್ ಫೋರ್ಕ್. ಬಿಎಂಡಬ್ಲ್ಯು ಇದನ್ನು 1955ರಿಂದ 1969ರ ತನಕ ಹಾಕಿತು. ಇದರಲ್ಲಿ ಒಂದು ಜಾಣತನವಿದೆ. ಮುಂದಿನ ತೋಳು ತಿರುಗುವ ಬೋಲ್ಟಿಗೆ ಎರಡು ತೂತು ಇರುತ್ತವೆ, ಒಂದು ಒಂಟಿ ಗಾಡಿಗೆ, ಇನ್ನೊಂದು ಸೈಡ್‌ಕಾರ್ ಕಟ್ಟಿದಾಗ. ಸೈಡ್‌ಕಾರ್ ಇದ್ದರೆ ಹ್ಯಾಂಡಲ್ ತಿರುಗಿಸುವುದು ಬಹಳ ಭಾರ, ಅದನ್ನು ಹಗುರ ಮಾಡಲು ಟ್ರೇಲ್ (ಸ್ಟೀರಿಂಗ್ ಅಕ್ಷದ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಕಡಿಮೆ ಮಾಡುವ ಉಪಾಯ ಇದು. ಸೈಡ್‌ಕಾರ್ ಬಿಚ್ಚಿ ಮಾರಿದವರು ಬೋಲ್ಟನ್ನು ವಾಪಸ್ ಜಾಗಕ್ಕೆ ಹಾಕದೇ ಬಿಟ್ಟಿದ್ದರೆ ಹ್ಯಾಂಡಲ್ ಅತಿ ಹಗುರವಾಗಿ, ವೇಗದಲ್ಲಿ ಚಂಚಲವಾಗುತ್ತೆ. ಮೊದಲು ಅದನ್ನು ನೋಡಿಸಿ, ಸ್ಟೀರಿಂಗ್ ಬೇರಿಂಗ್, ಟೈರ್ ಆಮೇಲೆ. ಹಿಂದಿನ ಗೇರ್ ಅನುಪಾತವೂ ಸೈಡ್‌ಕಾರಿನದ್ದೇ ಉಳಿದಿರಬಹುದು. ಟಾಪ್ ಗೇರಿನಲ್ಲೂ ಎಂಜಿನ್ ಒಂದೇ ಸಮ ಅರಚುತ್ತಿದ್ದರೆ ಅದೇ ಗುರುತು.

ಲೆಗ್ ಗಾರ್ಡ್ ಆ ಗುಬ್ಬಿಗೆ ಬೇಡ. ಗುಬ್ಬಿಗಳನ್ನು ಕುಯ್ದು ಹಾಕುವ ಯೋಚನೆಯಂತೂ ಬೇಡವೇ ಬೇಡ.

ಪ್ರಶ್ನೆ: ಕ್ರ್ಯಾಶ್ ಗಾರ್ಡ್, ಹಿಂದೆ ಮೂರು ಪೆಟ್ಟಿಗೆ ನಾನೇ ಹಾಕಬೇಕೆಂದಿದ್ದೇನೆ. ಏನು ಗಮನಿಸಬೇಕು?

ಕ್ರ್ಯಾಶ್ ಗಾರ್ಡ್ ಸಾಮಾನ್ಯವಾಗಿ ಎಂಜಿನ್ ಹಿಡಿದಿರುವ ಬೋಲ್ಟುಗಳಿಗೇ ಸೇರುತ್ತೆ. ಎಲ್ಲ ಬೋಲ್ಟು ಒಟ್ಟಿಗೆ ಬಿಚ್ಚಬೇಡಿ. ಎಂಜಿನ್ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಡಿ, ಒಂದು ಬಿಚ್ಚಿ, ಉದ್ದದ ಬೋಲ್ಟ್ ಹಾಕಿ, ಆಮೇಲೆ ಇನ್ನೊಂದು. ಎಲ್ಲವನ್ನೂ ಸಡಿಲವಾಗಿಯೇ ಕೂರಿಸಿ, ಕೊನೆಗೆ ಒಟ್ಟಿಗೆ ಬಿಗಿಯಿರಿ. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆ ತೂತು ಕೂರುತ್ತಿಲ್ಲ ಅಂತ ಸುತ್ತಿಗೆ ಎತ್ತುವವರನ್ನು ನೋಡಿದ್ದೇನೆ. ಗಾರ್ಡ್ ಹಾಕಿದ ಮೇಲೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ, ಗೇರು ಮತ್ತು ಬ್ರೇಕ್ ಪೆಡಲ್ ಮೇಲೆ ಬೂಟು ಹಾಕಿದ ಕಾಲಿಟ್ಟು ನೋಡಿ.

ಅಲ್ಯುಮಿನಿಯಂಗೆ ಹೋಗುವ ಬೋಲ್ಟಿನಲ್ಲಿ ಕೈ ಹಿಡಿತ ಇರಲಿ. 6 ಮಿಲಿಮೀಟರ್ ಬೋಲ್ಟಿಗೆ 10 ನ್ಯೂಟನ್ ಮೀಟರ್ ಬಿಗಿತ ಸಾಕು, 8 ಮಿಲಿಮೀಟರಿನದಕ್ಕೆ 20ರ ಆಸುಪಾಸು. ಎಂಜಿನ್ ಬೋಲ್ಟಿಗೆ ಕೈಪಿಡಿಯ ಅಂಕಿಯೇ ಅಂಕಿ. ಸಡಿಲವಾಗದಿರಲು ಹಾಕುವ ಅಂಟಿನಲ್ಲಿ ನೀಲಿಯದು ತಗೊಳ್ಳಿ. ಕೆಂಪು ಹಾಕಿದರೆ ಬಿಚ್ಚಲು ಬೆಂಕಿ ಹಿಡಿಯಬೇಕಾಗುತ್ತೆ. ಜಪಾನಿ ಗಾಡಿಯ ಪ್ಲಸ್ ಸ್ಕ್ರೂಗಳ ತಲೆ ಸವೆದು ಹೋಗುತ್ತಿದ್ದರೆ ತಪ್ಪು ನಿಮ್ಮ ಬಲದ್ದಲ್ಲ, ಡ್ರೈವರಿನದ್ದು. ಅವು ಮಾಮೂಲಿ ಫಿಲಿಪ್ಸ್ ನಮೂನೆಯ ಸ್ಕ್ರೂ ಅಲ್ಲ, ಜಪಾನಿ ಅಳತೆಯವು. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಸಣ್ಣ ಚುಕ್ಕಿ ಇರುತ್ತೆ. ಅದಕ್ಕೆ ಬೇರೆಯೇ ಡ್ರೈವರ್ ಬರುತ್ತೆ, ತಗೊಂಡರೆ ಜನ್ಮ ಪೂರ್ತಿ ನೆನೆಯುತ್ತೀರಿ.

ಪೆಟ್ಟಿಗೆ ವಿಷಯ. ನಿಮ್ಮ ಗಾಡಿಯಲ್ಲಿ ಈಗ ಇರುವುದು ಕಂಪನಿ ಸೈಲೆನ್ಸರೇ? ಪೆಟ್ಟಿಗೆಯ ಚೌಕಟ್ಟು ಕಂಪನಿ ಸೈಲೆನ್ಸರ್ ಅಳತೆಗೆ ಮಾಡಿರುತ್ತಾರೆ, ಬೇರೆ ಇದ್ದರೆ ಬಿಸಿಗೆ ಪೆಟ್ಟಿಗೆಯ ತಳ ಕರಗುತ್ತೆ. ಇಂಡಿಕೇಟರ್ ಪೆಟ್ಟಿಗೆಯ ಹಿಂದೆ ಮರೆಯಾದರೆ ಜಾಗ ಬದಲಿಸಬೇಕು. ಸೀಟಿನ ಮೇಲೆ ಇಬ್ಬರನ್ನು ಕೂರಿಸಿ ಜಗ್ಗಿಸಿ, ಟೈರು ಮಡ್‌ಗಾರ್ಡ್‌ಗೂ ಚೌಕಟ್ಟಿಗೂ ತಗುಲುತ್ತದೆಯೇ ನೋಡಿ. ಭಾರವಾದದ್ದನ್ನೆಲ್ಲ ಪಕ್ಕದ ಪೆಟ್ಟಿಗೆಗಳ ತಳದಲ್ಲಿ ಇಡಿ. ಮೇಲಿನ ಪೆಟ್ಟಿಗೆ ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ ಕೂತಿರುತ್ತೆ, ಅಲ್ಲಿಟ್ಟ ಪ್ರತಿ ಕಿಲೋ ಮುಂದಿನ ಚಕ್ರವನ್ನು ಸ್ವಲ್ಪ ಎತ್ತುತ್ತೆ. ಹಳೇ ಕ್ಯಾರಿಯರ್ ಮೇಲೆ 5 ಕಿಲೋ, 10 ಕಿಲೋ ಅಂತ ಚೀಟಿ ಇದ್ದರೆ ಅದು ತಮಾಷೆಗೆ ಬರೆದದ್ದಲ್ಲ. ವೆಲ್ಡಿಂಗ್ ಇರುವ ಕಡೆ ಬೆರಳಾಡಿಸಿ, ಕೂದಲೆಳೆಯಂಥ ಬಿರುಕು ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತೆ.

ಪ್ರಶ್ನೆ: 1988ರ ಗಾಡಿ. ಎಲ್ಲ ಪ್ಲಾಸ್ಟಿಕ್ ಒರಿಜಿನಲ್ ಅಂತ ಹೇಳಿ ಕೊಟ್ಟರು. ತಿಳಿಯುವುದು ಹೇಗೆ? ಹೆಡ್‌ಲೈಟ್ ಗಾಜಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕ 4 ಅಂತ ಇದೆ, ಅದು ಕಂಪನಿ ಗುರುತೇ?

ಪ್ಲಾಸ್ಟಿಕ್ ಕವರ್ ಬಿಚ್ಚಿ ಒಳಮೈ ನೋಡಿ. ಬೆರಳುಗುರಿನಷ್ಟು ಚಿಕ್ಕ ಗಡಿಯಾರದ ಥರ ಒಂದು ಅಚ್ಚು ಇರಬಹುದು. ಸುತ್ತ 1ರಿಂದ 12, ನಡುವೆ ಬಾಣ, ಬಾಣದ ಎರಡು ಬದಿಗೆ ಎರಡು ಅಂಕಿ. ಬಾಣ ತೋರಿಸುವುದು ತಿಂಗಳು, ಅಂಕಿ ವರ್ಷ. ಬಾಣ 3ರ ಕಡೆ ಇದ್ದು ಅಂಕಿ 0 ಮತ್ತು 9 ಇದ್ದರೆ ಆ ತುಂಡು ಅಚ್ಚಿನಿಂದ ಹೊರಬಂದದ್ದು 2009ರ ಮಾರ್ಚ್‌ನಲ್ಲಿ. 1988ರ ಗಾಡಿಗೆ ಅದು ಒರಿಜಿನಲ್ ಆಗಲು ಸಾಧ್ಯವೇ, ನೀವೇ ಹೇಳಿ.

ವೃತ್ತದೊಳಗಿನ ‘ಇ’ ಕಂಪನಿಯದ್ದಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಆ ವಸ್ತುವಿಗೆ ಒಪ್ಪಿಗೆ ಸಿಕ್ಕಿದೆ ಅನ್ನುವ ಗುರುತು ಅದು, ಪಕ್ಕದ ಅಂಕಿ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ. 1 ಅಂದರೆ ಜರ್ಮನಿ, 4 ನೆದರ್ಲೆಂಡ್ಸ್, 11 ಬ್ರಿಟನ್. ತಯಾರಾದದ್ದು ಅಲ್ಲೇ ಅಂತಲ್ಲ. ಅದೇ ಗಾಜಿನ ಮೇಲೆ ಬಾಣದ ಗುರುತು ಇದೆಯೇ ನೋಡಿ. ಎದುರಿಗೆ ನಿಂತು ನೋಡಿದಾಗ ಬಾಣ ನಿಮ್ಮ ಬಲಕ್ಕಿದ್ದರೆ ರಸ್ತೆಯ ಎಡಗಡೆ ಓಡಿಸುವ ದೇಶಗಳಿಗೆ ಮಾಡಿದ ದೀಪ. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವವರಿಗೆ. ಎರಡು ತುದಿಯ ಬಾಣವಿದ್ದರೆ ಎರಡಕ್ಕೂ ಆಗುತ್ತೆ. ನೀವು ಓಡಿಸುವ ಬದಿಗೆ ಹೊಂದದ ಗಾಜಾದರೆ ಎದುರಿನವರ ಕಣ್ಣು ಕುಕ್ಕುತ್ತೆ, ಬದಲಿಸಿ.

ಪ್ರಶ್ನೆ: ಆಯಸ್ಕಾಂತದ ಟ್ಯಾಂಕ್ ಬ್ಯಾಗ್ ತಂದೆ. ಟ್ಯಾಂಕಿನ ಎಡಗಡೆ ಚೆನ್ನಾಗಿ ಅಂಟುತ್ತೆ. ಬಲಗಡೆ ಒಂದು ಅಂಗೈ ಅಗಲ ಜಾಗದಲ್ಲಿ ಅಂಟೋದೇ ಇಲ್ಲ. ಬ್ಯಾಗ್ ವಾಪಸ್ ಕೊಡಲೇ?

ಬ್ಯಾಗ್ ಸರಿಯಾಗಿದೆ. ಟ್ಯಾಂಕು ಅಲ್ಯುಮಿನಿಯಂ ಆಗಿದ್ದರೆ ಎರಡೂ ಕಡೆ ಅಂಟುತ್ತಿರಲಿಲ್ಲ. ಒಂದೇ ಕಡೆ ಅಂಟಲ್ಲ ಅಂದರೆ ಅಲ್ಲಿ ಬಣ್ಣದ ಕೆಳಗೆ ತಗಡಿಗಿಂತ ಪುಟ್ಟಿ ಜಾಸ್ತಿ ಇದೆ. ಗಾಡಿ ಬಲಗಡೆಗೆ ಬಿದ್ದಿದೆ ಮಾರಾಯ್ರೇ. ಬಲಗಡೆ ಫುಟ್‌ರೆಸ್ಟ್ ತುದಿ, ಬ್ರೇಕ್ ಲಿವರಿನ ಗುಂಡು, ಹ್ಯಾಂಡಲ್ ತುದಿ, ಸೈಲೆನ್ಸರ್ ಕೆಳಮೈ ನೋಡಿ, ಹೊಸದಾಗಿ ಹೊಳೆಯುತ್ತಿರುತ್ತೆ ಇಲ್ಲವೇ ಉಜ್ಜಿದ ಗುರುತಿರುತ್ತೆ. ಮುಂದಿನ ಫೋರ್ಕ್ ನೆಟ್ಟಗಿದೆಯೇ ಅಂತ ಯಾರಾದರೂ ಬಲ್ಲವರಿಗೆ ತೋರಿಸಿ. ಬ್ಯಾಗನ್ನು ಬೆಲ್ಟ್ ಹಾಕಿ ಕಟ್ಟಿಕೊಳ್ಳಿ. ಕೂರಿಸುವ ಮೊದಲು ಟ್ಯಾಂಕನ್ನೂ ಬ್ಯಾಗಿನ ತಳವನ್ನೂ ಒರೆಸಿ, ಇಲ್ಲದಿದ್ದರೆ ಆ ಪುಟ್ಟಿಯ ಮೇಲಿನ ಬಣ್ಣವನ್ನೂ ಮರಳು ತಿಂದುಬಿಡುತ್ತೆ.